ಎರಡನೆಯ ಬಾರಿ ಬಾರದ ಗ್ರಾಹಕ: ಟ್ಯಾಬ್ಲೆಟ್ ಮಾರಾಟದ ಇಳಿಮುಖ

2011ರಲ್ಲಿ ಕೇಂದ್ರ ಸರ್ಕಾರವು ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿಯನ್ನು ಕೈಗೊಂಡಾಗ ಗಣತಿದಾರರಿಗೆ ಕಾಗದದ ನಮೂನೆಗಳ ಬದಲು ಟ್ಯಾಬ್ಲೆಟ್ ಕಂಪ್ಯೂಟರುಗಳನ್ನು ನೀಡಲಾಯಿತು. ಆರು ಲಕ್ಷಕ್ಕೂ ಮೀರಿದ ಆ ಸಾಧನಗಳ ಪೂರೈಕೆಯ ಹೊಣೆ ಹೊತ್ತದ್ದು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ. ಹದಿನಾಲ್ಕು ವರ್ಷಗಳ ತರುವಾಯ, 2025ರ ಸೆಪ್ಟೆಂಬರ್‌ನಲ್ಲಿ, ಕರ್ನಾಟಕ ರಾಜ್ಯ ಹಿಂದುಳಿದ ವರ್ಗಗಳ ಆಯೋಗವು ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯನ್ನು ಆರಂಭಿಸಿದಾಗ ಮನೆಮನೆಗೆ ತೆರಳಿದ ಶಿಕ್ಷಕರ ಕೈಯಲ್ಲಿದ್ದುದು ಟ್ಯಾಬ್ಲೆಟ್ ಅಲ್ಲ, ಮೊಬೈಲ್ ಫೋನು. 2027ರ ಜನಗಣತಿಯನ್ನೂ ಗಣತಿದಾರರ ಸ್ವಂತ ಮೊಬೈಲಿನ ಮೂಲಕವೇ ನಡೆಸುವಂತೆ ರೂಪಿಸಲಾಗಿದೆ. ಟ್ಯಾಬ್ಲೆಟ್‌ಗೆಂದೇ ಹೇಳಿ ಮಾಡಿಸಿದಂತಿದ್ದ ಕೆಲಸವೊಂದು ಹೀಗೆ ಸದ್ದಿಲ್ಲದೆ ಕೈತಪ್ಪಿ ಹೋಯಿತು. ಟ್ಯಾಬ್ಲೆಟ್ ಮಾರಾಟ ಏಕೆ ಕುಗ್ಗಿತು ಎಂದು ಕೇಳುವ ವರ್ತಕರಿಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಾಗಲಾರದು.

ಆ್ಯಪಲ್ ಕಂಪನಿಯ ಐಪ್ಯಾಡ್ 2010ರ ಏಪ್ರಿಲ್‌ನಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದು ಮೊದಲ 28 ದಿನಗಳಲ್ಲಿಯೇ 10 ಲಕ್ಷ ಸಂಖ್ಯೆಯಲ್ಲಿ ಮಾರಾಟವಾದಾಗ, ಕಂಪ್ಯೂಟರ್ ಯುಗವೇ ಮುಗಿಯಿತೆಂಬ ಮಾತು ಉದ್ಯಮ ವಲಯದಲ್ಲಿ ಕೇಳಿಬಂದಿತ್ತು. ಮುಂದಿನ ನಾಲ್ಕು ವರ್ಷಗಳ ಅಂಕಿ ಅಂಶಗಳು ಆ ಮಾತಿಗೆ ಪುಷ್ಟಿ ನೀಡುವಂತೆಯೇ ಇದ್ದವು. ಐಡಿಸಿ ಎಂಬ ಮಾರುಕಟ್ಟೆ ಅಧ್ಯಯನ ಸಂಸ್ಥೆಯ ಲೆಕ್ಕದಂತೆ 2014ರಲ್ಲಿ ಜಗತ್ತಿನಾದ್ಯಂತ ಸುಮಾರು 23 ಕೋಟಿ ಟ್ಯಾಬ್ಲೆಟ್‌ಗಳು ಪೂರೈಕೆಯಾದವು. ಅಲ್ಲಿಂದಾಚೆಗೆ ಇಳಿಜಾರು. 2016ರಲ್ಲಿ ಈ ಸಂಖ್ಯೆ 17.5 ಕೋಟಿಯ ಆಸುಪಾಸಿಗೆ ಬಂದಿತು. 2019ರ ವೇಳೆಗೆ 14.5 ಕೋಟಿಗೂ ತುಸು ಕೆಳಗಿಳಿಯಿತು. ಕೋವಿಡ್ ಕಾಲದಲ್ಲಿ ಶಾಲೆಗಳು ಮುಚ್ಚಿ ಪಾಠಗಳು ಮನೆಗೆ ಬಂದಾಗ ಮತ್ತೆ 16 ಕೋಟಿಯನ್ನು ದಾಟಿತಾದರೂ, 2023ರಲ್ಲಿ ಒಂದೇ ವರ್ಷದಲ್ಲಿ ಶೇಕಡಾ 20ರಷ್ಟು ಕುಸಿದು 13 ಕೋಟಿಗಿಂತ ಕಡಿಮೆಯಾಯಿತು. 2024ರಲ್ಲಿ 14 ಕೋಟಿಯ ಮೇಲಕ್ಕೆ ಚೇತರಿಸಿಕೊಂಡುದನ್ನು ಒಪ್ಪಿಕೊಳ್ಳಲೇಬೇಕು. ಆದರೆ ಹತ್ತು ವರ್ಷಗಳ ಹಿಂದಿನ ಶಿಖರ ಇನ್ನೂ ಬಹು ದೂರದಲ್ಲಿದೆ. ಈ ವಸ್ತುವನ್ನು ಜನಪ್ರಿಯಗೊಳಿಸಿದ ಕಂಪನಿಯೂ ಇದಕ್ಕೆ ಹೊರತಾಗಲಿಲ್ಲ. 2013ರ ಹಣಕಾಸು ವರ್ಷದಲ್ಲಿ 7.1 ಕೋಟಿ ಐಪ್ಯಾಡ್‌ಗಳನ್ನು ಮಾರಿದ ಆ್ಯಪಲ್, 2016ರಲ್ಲಿ ಮಾರಿದ್ದು 4.56 ಕೋಟಿ. 2018ರ ಕೊನೆಯಿಂದ ತನ್ನ ಉತ್ಪನ್ನಗಳ ಮಾರಾಟ ಸಂಖ್ಯೆಯನ್ನು ಪ್ರಕಟಿಸುವುದನ್ನೇ ಅದು ನಿಲ್ಲಿಸಿತು.

ಈ ಇಳಿಕೆಗೆ ತೆರಿಗೆಯನ್ನಾಗಲಿ ಆಮದು ನೀತಿಯನ್ನಾಗಲಿ ದೂರುವ ಪರಿಪಾಠ ವ್ಯಾಪಾರ ವಲಯದಲ್ಲಿ ಇಲ್ಲದಿಲ್ಲ. 2023ರ ಆಗಸ್ಟ್‌ನಲ್ಲಿ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯವು ಲ್ಯಾಪ್‌ಟಾಪ್ ಹಾಗೂ ಟ್ಯಾಬ್ಲೆಟ್‌ಗಳ ಆಮದಿಗೆ ನಿರ್ಬಂಧ ಹೇರಿ, ಬಳಿಕ ಅದನ್ನು ಸಡಿಲಿಸಿ ಆಮದು ನಿರ್ವಹಣಾ ವ್ಯವಸ್ಥೆಯೊಂದನ್ನು ಜಾರಿಗೆ ತಂದುದು ನಿಜ. ಆದರೆ ಕುಸಿತ ಆರಂಭವಾಗಿ ಅಷ್ಟರಲ್ಲಿ ಎಂಟು ವರ್ಷಗಳೇ ಕಳೆದಿದ್ದವು. ಇನ್ನು ಸರಕು ಮತ್ತು ಸೇವಾ ತೆರಿಗೆ: 2020ರ ಏಪ್ರಿಲ್‌ನಿಂದ ಮೊಬೈಲ್ ಫೋನಿಗೂ ಟ್ಯಾಬ್ಲೆಟ್‌ಗೂ ಒಂದೇ ದರ, ಶೇಕಡಾ 18. ಫೋನಿನ ಕೊಳ್ಳುವಿಕೆಯನ್ನು ತಡೆಯದ ತೆರಿಗೆ ಟ್ಯಾಬ್ಲೆಟ್ಟನ್ನು ಮಾತ್ರ ತಡೆಯಿತೆಂಬ ವಾದ ನಿಲ್ಲುವಂಥದ್ದಲ್ಲ. ಕಾರಣವನ್ನು ವಸ್ತುವಿನಲ್ಲಿಯೇ, ಅದನ್ನು ಕೊಂಡವರ ಮನೆಯಲ್ಲಿಯೇ ಹುಡುಕಬೇಕಾಗಿದೆ.

ಯಾವುದೇ ಹೊಸ ವಸ್ತುವಿನ ಮಾರಾಟದಲ್ಲಿ ಎರಡು ಬಗೆಯ ಬೇಡಿಕೆಗಳಿರುತ್ತವೆ. ಇಲ್ಲದವರು ಮೊದಲ ಬಾರಿಗೆ ಕೊಳ್ಳುವುದು ಒಂದು. ಇದ್ದವರು ಹಳೆಯದನ್ನು ಬಿಟ್ಟು ಮತ್ತೊಮ್ಮೆ ಕೊಳ್ಳುವುದು ಇನ್ನೊಂದು. ಮೊದಲನೆಯದು ಬರಿದಾದ ಕೆರೆಗೆ ಮಳೆಗಾಲದಲ್ಲಿ ನುಗ್ಗುವ ನೀರಿನಂತೆ ರಭಸವಾದದ್ದು, ಆದರೆ ಕೆರೆ ತುಂಬುವವರೆಗೆ ಮಾತ್ರ. ವರ್ಷದುದ್ದಕ್ಕೂ ಅಂಗಡಿಯನ್ನು ನಡೆಸುವುದು ಎರಡನೆಯದು. ಮೊಬೈಲ್ ಫೋನಿನ ವ್ಯಾಪಾರ ನಿಂತಿರುವುದೇ ಇದರ ಮೇಲೆ. ಫೋನು ಸದಾ ಜೇಬಿನಲ್ಲಿರುತ್ತದೆ, ಕೈಜಾರಿ ಬೀಳುತ್ತದೆ, ಮಳೆಯಲ್ಲಿ ನೆನೆಯುತ್ತದೆ, ದಿನಕ್ಕೊಮ್ಮೆಯಾದರೂ ಚಾರ್ಜ್ ಆಗಿ ಬ್ಯಾಟರಿ ಸವೆಯುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ನಾಲ್ಕು ಜನರ ಕಣ್ಣಿಗೆ ಬೀಳುತ್ತದೆ. ಟ್ಯಾಬ್ಲೆಟ್ ಮನೆಯ ಸೋಫಾದ ಮೇಲೋ ಮಂಚದ ಪಕ್ಕದಲ್ಲೋ ಇರುತ್ತದೆ. ಒಂದೇ ಸಾಧನವನ್ನು ಮನೆಮಂದಿಯೆಲ್ಲ ಸರದಿಯಂತೆ ಬಳಸುತ್ತಾರೆ. ಅದು ಹಳೆಯದಾಯಿತೆಂದು ಯಾರಿಗೂ ಮುಜುಗರವಾಗುವುದಿಲ್ಲ.

ಒಳ್ಳೆಯ ಟ್ಯಾಬ್ಲೆಟ್‌ಗಳು ಬಾಳಿಕೆ ಬಂದ ಬಗೆಯನ್ನು ತಯಾರಕರೂ ಊಹಿಸಿರಲಾರರು. 2011ರಲ್ಲಿ ಬಿಡುಗಡೆಯಾದ ಐಪ್ಯಾಡ್ 2 ಅನ್ನು ಆ್ಯಪಲ್ ಕಂಪನಿಯು 2014ರವರೆಗೂ ಮಾರಿತು. ಐಓಎಸ್ 4ರೊಂದಿಗೆ ಹೊರಬಂದ ಆ ಸಾಧನಕ್ಕೆ ಐಓಎಸ್ 9ರವರೆಗೆ ಹೊಸ ತಂತ್ರಾಂಶ ದೊರೆಯುತ್ತಲೇ ಇತ್ತು. ಸಿನಿಮಾ ನೋಡಲು, ಪತ್ರಿಕೆ ಓದಲು, ದೂರದ ಮಕ್ಕಳೊಡನೆ ಮುಖ ನೋಡುತ್ತ ಮಾತನಾಡಲು ಐದು ವರ್ಷದ ಹಿಂದಿನ ಟ್ಯಾಬ್ಲೆಟ್ಟೇ ಸಾಕಾಗಿರುವಾಗ ಹೊಸದಕ್ಕೆ ಹಣ ಸುರಿಯುವ ಗ್ರಾಹಕ ಯಾರು? ಗುಣಮಟ್ಟವೇ ಮುಂದಿನ ಮಾರಾಟಕ್ಕೆ ಅಡ್ಡಿಯಾದ ಪ್ರಸಂಗವಿದು. ಹೊಲಿಗೆ ಯಂತ್ರ ಮಾರಿದ ಹಿಂದಿನ ತಲೆಮಾರಿನ ವ್ಯಾಪಾರಿಗಳಿಗೆ ಈ ಅನುಭವ ಹೊಸದಲ್ಲ.

ಅಗ್ಗದ ಟ್ಯಾಬ್ಲೆಟ್‌ಗಳ ಕಥೆ ಇದಕ್ಕೆ ತೀರ ವಿರುದ್ಧವಾದದ್ದು, ಆದರೆ ಮುಟ್ಟಿದ ಗುರಿ ಮಾತ್ರ ಒಂದೇ. ಐಪ್ಯಾಡ್ 2011ರ ಜನವರಿಯಲ್ಲಿ ಭಾರತಕ್ಕೆ ಬಂದಾಗ ಅದರ ಆರಂಭಿಕ ಬೆಲೆ 27,900 ರೂಪಾಯಿ. ಮಧ್ಯಮ ವರ್ಗದ ಕೈಗೆ ಎಟುಕದ ಈ ಬೆಲೆಯ ಕೆಳಗೆ ವಿಶಾಲವಾದ ಬಯಲೊಂದು ತೆರೆದಿತ್ತು. ಅದೇ ವರ್ಷದ ಅಕ್ಟೋಬರ್ 5ರಂದು ಕೇಂದ್ರ ಸರ್ಕಾರ ‘ಆಕಾಶ್’ ಟ್ಯಾಬ್ಲೆಟ್ಟನ್ನು ಬಿಡುಗಡೆ ಮಾಡಿತು. ಡೇಟಾವಿಂಡ್ ಕಂಪನಿ ಪೂರೈಸಿದ ಈ ಸಾಧನಕ್ಕೆ ಸರ್ಕಾರ ತೆತ್ತ ಬೆಲೆ 2,276 ರೂಪಾಯಿ. 366 ಮೆಗಾಹರ್ಟ್ಸ್ ಸಂಸ್ಕಾರಕ, 256 ಎಂಬಿ ಮೆಮೊರಿ, ಒತ್ತಿದರಷ್ಟೇ ಸ್ಪಂದಿಸುವ ಪರದೆ. ಜಗತ್ತೇ ಕೊಂಡಾಡಿದ ಬೆಲೆ ಅದು. ಆದರೆ ವಿದ್ಯಾರ್ಥಿಯ ಕೈಯಲ್ಲಿ ಬೆಲೆಯೊಂದೇ ಕೆಲಸ ಮಾಡುವುದಿಲ್ಲ. ನಿಧಾನಗತಿಯ ಬಗೆಗೂ ಬ್ಯಾಟರಿಯ ಬಗೆಗೂ ದೂರುಗಳು ಬಂದವು. ಸುಧಾರಿತ ಎರಡನೆಯ ಆವೃತ್ತಿ 2012ರ ನವೆಂಬರ್‌ನಲ್ಲಿ ಬಂದಿತಾದರೂ ಯೋಜನೆ ಬಹುಕಾಲ ಬಾಳಲಿಲ್ಲ.

ಇದೇ ಅವಧಿಯಲ್ಲಿ ಮೈಕ್ರೋಮ್ಯಾಕ್ಸ್ 6,499 ರೂಪಾಯಿಗೆ ‘ಫನ್‌ಬುಕ್’ ತಂದಿತು. ಕಾರ್ಬನ್, ಐಬಾಲ್ ಮೊದಲಾದ ಹೆಸರುಗಳು ಹಿಂಬಾಲಿಸಿದವು. ಚೀನಾದ ಶೆನ್‌ಝೆನ್‌ನಿಂದ ಪೆಟ್ಟಿಗೆಗಟ್ಟಲೆ ತರಿಸಿ, ಮೇಲೊಂದು ಹೆಸರಿನ ಚೀಟಿ ಅಂಟಿಸಿ ಮಾರುವ ವ್ಯಾಪಾರವೂ ಬೆಳೆಯಿತು. ವಿದ್ಯುನ್ಮಾನ ಉಪಕರಣಗಳಿಗೆ ಭಾರತೀಯ ಮಾನಕ ಬ್ಯೂರೋದ ಕಡ್ಡಾಯ ನೋಂದಣಿ 2013ರಲ್ಲಿ ಜಾರಿಗೆ ಬಂದಾಗ ಹೆಸರಿಲ್ಲದ ಮಾಲಿಗೆ ಕಡಿವಾಣ ಬಿದ್ದಿತು. ಆದರೆ ಅಷ್ಟರಲ್ಲಿ ಹಾನಿ ಆಗಿಹೋಗಿತ್ತು. ಮಗನ ಓದಿಗೆಂದು ಆರು ಸಾವಿರ ಕೊಟ್ಟು ತಂದ ಸಾಧನ ವರ್ಷ ತುಂಬುವುದರೊಳಗೆ ತೆವಳತೊಡಗಿದರೆ, ಹೊಸ ತಂತ್ರಾಂಶ ಬಾರದಿದ್ದರೆ, ಪರದೆ ಒಡೆದಾಗ ಬದಲಿ ಪರದೆ ಸಿಗದಿದ್ದರೆ, ಆ ಕುಟುಂಬ ಮುಂದಿನ ಬಾರಿ ಇನ್ನೊಂದು ಟ್ಯಾಬ್ಲೆಟ್ ಕೊಳ್ಳುವುದಿಲ್ಲ. ಒಳ್ಳೆಯದೊಂದು ಫೋನನ್ನು ಕೊಳ್ಳುತ್ತದೆ. ಒಳ್ಳೆಯ ಟ್ಯಾಬ್ಲೆಟ್ ಕೊಂಡವನು ತೃಪ್ತನಾಗಿ ಮರಳಲಿಲ್ಲ, ಕಳಪೆಯದನ್ನು ಕೊಂಡವನು ಬೇಸತ್ತು ಮರಳಲಿಲ್ಲ. ಈ ಇಬ್ಬರ ನಡುವೆ ವರ್ತಕನ ದಾಸ್ತಾನು ಉಳಿಯಿತು.

ಫೋನಂತೂ ಈ ವೇಳೆಗೆ ಸುಮ್ಮನಿರಲಿಲ್ಲ. 2007ರ ಮೊದಲ ಐಫೋನಿನ ಪರದೆ 3.5 ಅಂಗುಲ. 2011ರಲ್ಲಿ ಸ್ಯಾಮ್‌ಸಂಗ್ 5.3 ಅಂಗುಲದ ಗ್ಯಾಲಕ್ಸಿ ನೋಟ್ ತಂದಾಗ ಇಷ್ಟಗಲದ ಹಲಗೆಯನ್ನು ಕಿವಿಗೆ ಹಿಡಿಯುವವರಾರೆಂದು ನಗೆಯಾಡಿದವರುಂಟು. 2014ರ ಸೆಪ್ಟೆಂಬರ್‌ನಲ್ಲಿ ಆ್ಯಪಲ್ ಕೂಡ 5.5 ಅಂಗುಲದ ಫೋನನ್ನು ತಂದಿತು. ಟ್ಯಾಬ್ಲೆಟ್ ಪೂರೈಕೆ ತುತ್ತತುದಿ ಮುಟ್ಟಿ ಇಳಿಯತೊಡಗಿದ್ದೂ ಅದೇ ಕಾಲದಲ್ಲಿ ಎಂಬುದು ಕೇವಲ ಆಕಸ್ಮಿಕವಲ್ಲ. ಆರೂವರೆ ಅಂಗುಲದ ಫೋನು ಸಾಮಾನ್ಯವಾದ ಮೇಲೆ ಏಳು ಅಂಗುಲದ ಟ್ಯಾಬ್ಲೆಟ್‌ಗೆ ನಿಲ್ಲಲು ನೆಲೆಯೆಲ್ಲಿ? ಭಾರತದಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಸೇರಿಕೊಂಡಿತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಸೇವೆ ಆರಂಭವಾಗಿ ಡೇಟಾ ದರ ನೆಲಕಚ್ಚಿದಾಗ, ಅಂತರಜಾಲವನ್ನು ಮೊದಲ ಬಾರಿಗೆ ಕಂಡ ಕೋಟ್ಯಂತರ ಜನರು ಅದನ್ನು ಕಂಡದ್ದು ಸಿಮ್ ಇದ್ದ ಫೋನಿನಲ್ಲಿ. ವೈ-ಫೈ ಇಲ್ಲದ ಮನೆಯಲ್ಲಿ ವೈ-ಫೈ ಮಾತ್ರ ಬಲ್ಲ ಟ್ಯಾಬ್ಲೆಟ್ ನಿರುಪಯುಕ್ತ.

ಮೇಲಿನ ಕಡೆಯಿಂದ ಲ್ಯಾಪ್‌ಟಾಪ್ ಒತ್ತಿತು. ಲ್ಯಾಪ್‌ಟಾಪ್‌ಗಳು ಹಗುರವಾದವು, ಅವುಗಳ ಬ್ಯಾಟರಿ ಇಡೀ ದಿನ ಬರತೊಡಗಿತು. ಲೆಕ್ಕಪತ್ರ ಬರೆಯುವವನಿಗೆ, ಜಿಎಸ್‌ಟಿ ವಿವರಪಟ್ಟಿ ಸಲ್ಲಿಸುವವನಿಗೆ ಕೀಲಿಮಣೆ ಬೇಕು. ಅದನ್ನರಿತೇ 2015ರಲ್ಲಿ ಐಪ್ಯಾಡ್ ಪ್ರೋ ಕೀಲಿಮಣೆಯನ್ನು ಜೋಡಿಸಿಕೊಳ್ಳುವಂತೆ ಬಂದಿತು. ಅಂದರೆ ಟ್ಯಾಬ್ಲೆಟ್ ಬದುಕಲು ಲ್ಯಾಪ್‌ಟಾಪ್‌ನ ವೇಷ ತೊಡಬೇಕಾಯಿತು. ಅತ್ತ ದರಿ ಇತ್ತ ಪುಲಿ ಎಂಬ ಈ ಸ್ಥಿತಿಯಲ್ಲಿ ದೊಡ್ಡ ಕಂಪನಿಗಳೂ ಕೈಸುಟ್ಟುಕೊಂಡಿವೆ. ಎಚ್‌ಪಿ ತನ್ನ ಟಚ್‌ಪ್ಯಾಡನ್ನು 2011ರ ಜುಲೈನಲ್ಲಿ ತಂದು ಆಗಸ್ಟ್‌ನಲ್ಲೇ ಕೈಬಿಟ್ಟಿತು. ಮೈಕ್ರೋಸಾಫ್ಟ್ ಮಾರಾಟವಾಗದ ಸರ್ಫೇಸ್ ಆರ್‌ಟಿಗಾಗಿ 2013ರಲ್ಲಿ 90 ಕೋಟಿ ಡಾಲರ್ ನಷ್ಟ ತೋರಿಸಿತು.

ಹಾಗಾದರೆ ಭಾರತದಲ್ಲಿ ಇಂದು ಟ್ಯಾಬ್ಲೆಟ್‌ಗಳನ್ನು ಕೊಳ್ಳುತ್ತಿರುವವರು ಯಾರು? ಬಹುಮಟ್ಟಿಗೆ ಸರ್ಕಾರಗಳು. 2021ರ ಜೂನ್‌ನಲ್ಲಿ ಕರ್ನಾಟಕ ಸರ್ಕಾರವು ಸರ್ಕಾರಿ ಪದವಿ, ಇಂಜಿನಿಯರಿಂಗ್ ಮತ್ತು ಪಾಲಿಟೆಕ್ನಿಕ್ ಕಾಲೇಜುಗಳ ಸುಮಾರು ಒಂದೂವರೆ ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ವಿತರಣೆ ಆರಂಭಿಸಿತು. 2022ರ ಮೇ ತಿಂಗಳಲ್ಲಿ ಹರಿಯಾಣ ಸರ್ಕಾರವು ಐದು ಲಕ್ಷ ಶಾಲಾ ಮಕ್ಕಳಿಗೆ ನೀಡುವ ಯೋಜನೆಗೆ ಚಾಲನೆ ನೀಡಿತು. ಉತ್ತರ ಪ್ರದೇಶದ ಯೋಜನೆ ಅದಕ್ಕಿಂತ ದೊಡ್ಡದು. 2024ರಲ್ಲಿ ದೇಶದ ಟ್ಯಾಬ್ಲೆಟ್ ಪೂರೈಕೆ ಶೇಕಡಾ 40ಕ್ಕೂ ಮಿಗಿಲಾಗಿ ಏರಿದುದರ ಹಿಂದೆ ಇಂಥ ಶೈಕ್ಷಣಿಕ ಯೋಜನೆಗಳ ಪಾಲು ದೊಡ್ಡದಿತ್ತು. ಮರುವರ್ಷದ ಮೊದಲಾರ್ಧದಲ್ಲಿ ಅಂಥ ಬೇಡಿಕೆಗಳು ತಗ್ಗಿದೊಡನೆ ಪೂರೈಕೆ ಸುಮಾರು ಮೂರನೆಯ ಒಂದು ಭಾಗದಷ್ಟು ಇಳಿಯಿತು. ಟೆಂಡರ್‌ನಿಂದ ಏರಿ ಟೆಂಡರ್‌ನೊಂದಿಗೇ ಇಳಿಯುವ ಇದನ್ನು ಮಾರುಕಟ್ಟೆ ಎಂದು ಕರೆಯುವುದು ಎಷ್ಟರ ಮಟ್ಟಿಗೆ ಸರಿ? ಅದರ ಲಾಭವೂ ಸಗಟು ಪೂರೈಕೆ ಮಾಡಬಲ್ಲ ಬೆರಳೆಣಿಕೆಯ ಕಂಪನಿಗಳಿಗೇ ಹೊರತು, ಎಸ್.ಪಿ. ರಸ್ತೆಯ ಅಥವಾ ಹುಬ್ಬಳ್ಳಿಯ ಚಿಲ್ಲರೆ ವರ್ತಕನಿಗಲ್ಲ.

ಚಿಲ್ಲರೆ ವರ್ತಕನು ಹಬ್ಬದ ದಾಸ್ತಾನಿನಲ್ಲಿ ಟ್ಯಾಬ್ಲೆಟ್‌ನ ಪಾಲನ್ನು ಕುಗ್ಗಿಸಿರುವುದು ಜಾಣತನವೇ. ಆದರೆ ಇಡಿಯಾಗಿ ಕೈಬಿಡುವುದು ಅವಸರದ ತೀರ್ಮಾನವಾದೀತು. ಹೋಟೆಲಿನಲ್ಲಿ ತಿಂಡಿಯ ಬೇಡಿಕೆ ಬರೆದುಕೊಳ್ಳಲು, ಗೋದಾಮಿನಲ್ಲಿ ಸರಕು ಎಣಿಸಲು, ಆಸ್ಪತ್ರೆಯಲ್ಲಿ ರೋಗಿಯ ಹಾಸಿಗೆಯ ಬಳಿ ವಿವರ ದಾಖಲಿಸಲು, ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷೆಯ ಪಟ್ಟಿ ತುಂಬಲು ಈ ಸಾಧನ ಇಂದಿಗೂ ಅನುಕೂಲಕರ. ಅಲ್ಲಿ ಕೊಳ್ಳುವವನು ಸಾಧನವನ್ನಲ್ಲ, ಆದ ಕೆಲಸವನ್ನು ಕೊಳ್ಳುತ್ತಾನೆ. ಕನ್ನಡದಲ್ಲಿ ನಡೆಯುವ ತಂತ್ರಾಂಶವನ್ನೂ ದುರಸ್ತಿಯ ಹೊಣೆಯನ್ನೂ ಜೊತೆಗೆ ಕೊಡಬಲ್ಲ ವರ್ತಕನೊಡನೆ ಆನ್‌ಲೈನ್ ಮಳಿಗೆಗಳು ಬೆಲೆಯಲ್ಲಿ ಮಾತ್ರ ಸ್ಪರ್ಧಿಸಬಲ್ಲವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಎನ್‌ಕೋರ್ ಕಂಪನಿಯ ತಂತ್ರಜ್ಞರೊಡನೆ ಸೇರಿ ರೂಪಿಸಿದ ‘ಸಿಂಪ್ಯೂಟರ್’ ಸಾಮಾನ್ಯ ಗ್ರಾಹಕನನ್ನು ತಲುಪದೆ ಹೋದರೂ, ಕರ್ನಾಟಕದ ಭೂದಾಖಲೆಗಳ ಕೆಲಸದಲ್ಲಿ ಬಳಕೆಯಾಗಿತ್ತು. ಐಪ್ಯಾಡ್‌ಗಿಂತ ಮೊದಲಿನ ಮಾತಿದು.

ಸರ್ಕಾರದ ಮುಂದೆ ವ್ಯಾಪಾರ ವಲಯ ಇಡಬೇಕಾದ ಬೇಡಿಕೆಯೂ ಇದಕ್ಕೆ ಸಂಬಂಧಿಸಿದ್ದೇ. ಐಟಿ ಯಂತ್ರಾಂಶಗಳ ಉತ್ಪಾದನೆಗೆ ಕೇಂದ್ರವು 2023ರಲ್ಲಿ 17,000 ಕೋಟಿ ರೂಪಾಯಿಗಳ ಪ್ರೋತ್ಸಾಹಧನ ಯೋಜನೆಯನ್ನು ಪ್ರಕಟಿಸಿತು. ಅದರಲ್ಲಿ ಟ್ಯಾಬ್ಲೆಟ್‌ಗಳೂ ಸೇರಿವೆ. ತಯಾರಿಕೆಗೆ ದೊರೆತ ಈ ಗಮನ ದುರಸ್ತಿಗೆ ದೊರೆತಿಲ್ಲ. ಒಡೆದ ಫೋನಿನ ಪರದೆಯನ್ನು ಬದಲಿಸುವ ಅಂಗಡಿ ಪ್ರತಿ ತಾಲ್ಲೂಕು ಕೇಂದ್ರದಲ್ಲೂ ಇದೆ. ಟ್ಯಾಬ್ಲೆಟ್‌ನ ಬಿಡಿಭಾಗಕ್ಕೆ ಬೆಂಗಳೂರನ್ನೇ ನೋಡಬೇಕು. 2021ರಲ್ಲಿ ವಿತರಣೆಯಾದ ಟ್ಯಾಬ್ಲೆಟ್‌ಗಳ ಬ್ಯಾಟರಿಗಳು ಸವೆಯುವ ಕಾಲ ಬಂದಾಗಿದೆ. ಮುಂದಿನ ಖರೀದಿಯ ಟೆಂಡರಿನಲ್ಲಿ ಸಾಧನದ ಬೆಲೆಯೊಂದಿಗೆ ಐದು ವರ್ಷಗಳ ತಂತ್ರಾಂಶ ನವೀಕರಣ, ಮೂರನೆಯ ವರ್ಷದ ಬ್ಯಾಟರಿ ಬದಲಾವಣೆ, ಜಿಲ್ಲೆಗೊಂದಾದರೂ ಸ್ಥಳೀಯ ದುರಸ್ತಿ ಕೇಂದ್ರ ಇವನ್ನು ಕಡ್ಡಾಯವಾಗಿ ಸೇರಿಸಿ, ಆ ಕೇಂದ್ರಗಳ ಗುತ್ತಿಗೆಯನ್ನು ಆಯಾ ಜಿಲ್ಲೆಯ ವರ್ತಕರಿಗೆ ಮೀಸಲಿಡುವಂತೆ ಕೇಳುವುದು ಅಸಾಧ್ಯವಾದ ಬೇಡಿಕೆಯೇನಲ್ಲ. ಮುಂದಿನ ಆಯವ್ಯಯ ಪೂರ್ವ ಸಮಾಲೋಚನೆಯ ಮನವಿಪತ್ರದಲ್ಲಿ ಇದಕ್ಕೊಂದು ಸಾಲು ದೊರೆಯಬೇಕು.