ಟ್ರಾಲಿ ಬ್ಯಾಗಿನಲ್ಲಿ ಬರುವ ಹೆಬ್ಬಾವು

2023ರ ಸೆಪ್ಟೆಂಬರ್ ಮೊದಲ ವಾರ ಬ್ಯಾಂಕಾಕ್‌ನಿಂದ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಬಂದಿಳಿದ ಲಗೇಜನ್ನು ಕಸ್ಟಮ್ಸ್ ಸಿಬ್ಬಂದಿ ಬಿಚ್ಚಿದಾಗ ಸಿಕ್ಕಿದ್ದು 78 ಪ್ರಾಣಿಗಳು. 55 ಬಣ್ಣಬಣ್ಣದ ಬಾಲ್ ಪೈಥಾನ್, 17 ಕಾಳಿಂಗ ಸರ್ಪ. ಜೊತೆಗಿದ್ದ ಆರು ಕಪುಚಿನ್ ಕೋತಿಗಳು ಸತ್ತಿದ್ದವು. ಅದಕ್ಕೆ ಎರಡು ವಾರ ಮೊದಲಷ್ಟೇ ಅದೇ ಮಾರ್ಗವಾಗಿ ಬಂದ ಬ್ಯಾಗಿನಲ್ಲಿ ಹೆಬ್ಬಾವು, ಗೋಸುಂಬೆ, ಇಗುವಾನಾ, ಆಮೆ ಎಲ್ಲ ಸೇರಿ 234 ಜೀವಿಗಳಿದ್ದವು. ಒಂದು ಕಾಂಗರೂ ಮರಿಯೂ ಇತ್ತು, ಸತ್ತಿತ್ತು. ಮರುವರ್ಷದ ಏಪ್ರಿಲ್‌ನಲ್ಲಿ ಹತ್ತು ಹಳದಿ ಅನಕೊಂಡ. ಕಾಳಿಂಗಕ್ಕೆ ಹೆಸರಾದ ಆಗುಂಬೆಯ ಕಾಡನ್ನೇ ಇಟ್ಟುಕೊಂಡಿರುವ ರಾಜ್ಯಕ್ಕೆ ಥಾಯ್ಲೆಂಡಿನಿಂದ ಕಾಳಿಂಗ ಕದ್ದು ತರುವವರಿದ್ದಾರೆ ಎಂದರೆ, ಇಲ್ಲಿ ಕೊಳ್ಳುವವರೂ ಇದ್ದಾರೆ ಎಂದೇ ಅರ್ಥ.

ಹಾವು ಆಮೆಗಳ ವ್ಯಾಪಾರ ನಮಗೆ ಹೊಸದಲ್ಲ. ಮಣ್ಣುಮುಕ್ಕ ಹಾವಿಗೆ ಎರಡು ತಲೆ ಇದೆ, ಮನೆಯಲ್ಲಿಟ್ಟರೆ ಸಂಪತ್ತು ಬರುತ್ತದೆ ಎಂದು ನಂಬಿಸಿ ಲಕ್ಷಗಳಲ್ಲಿ ವ್ಯವಹಾರ ಕುದುರಿಸುವವರು ಇವತ್ತಿಗೂ ಪೊಲೀಸರ ಕೈಗೆ ಸಿಕ್ಕಿಬೀಳುತ್ತಿದ್ದಾರೆ. ಕೋಲಾರ, ಚಿತ್ತೂರು ಕಡೆಯ ಕುರುಚಲು ಕಾಡಿನ ನಕ್ಷತ್ರ ಆಮೆಗಳನ್ನು ಹೊರದೇಶಗಳಿಗೆ ಸಾಗಿಸುವ ಜಾಲ ಎಷ್ಟು ಬೆಳೆಯಿತೆಂದರೆ, 2019ರಲ್ಲಿ ಈ ಆಮೆಯನ್ನು, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲ ಪಟ್ಟಿಗೆ ಏರಿಸಬೇಕಾಯಿತು. ಈಗ ಬದಲಾಗಿರುವುದು ಗಿರಾಕಿ. ಅವನಿಗೆ ನಿಧಿಯೂ ಬೇಡ, ವಾಸ್ತುವೂ ಬೇಡ. ಅಪಾರ್ಟ್‌ಮೆಂಟಿನ ಕೋಣೆಯಲ್ಲಿ ಗಾಜಿನ ಪೆಟ್ಟಿಗೆ, ಅದರಲ್ಲೊಂದು ಚಂದದ ಹಾವು, ಕೊರಳಿಗೆ ಸುತ್ತಿಕೊಂಡು ಹಾಕಲು ಒಂದು ರೀಲ್ಸ್. ಇಷ್ಟು ಸಾಕು.

ಈ ಶೋಕಿಯ ನಾಯಕ ಬಾಲ್ ಪೈಥಾನ್. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಮೂಲದ, ನಾಲ್ಕೈದು ಅಡಿಗಿಂತ ಹೆಚ್ಚು ಬೆಳೆಯದ ಸಾಧು ಹೆಬ್ಬಾವು. ಹೆದರಿದರೆ ತಲೆಯನ್ನು ಒಳಗೆ ಹುದುಗಿಸಿ ಚೆಂಡಿನಂತೆ ಮುದುಡಿಕೊಳ್ಳುತ್ತದೆ. ಮುಟ್ಟಿದವರು ಅದನ್ನೇ ಪ್ರೀತಿ ಎಂದುಕೊಳ್ಳುತ್ತಾರೆ. ಘಾನಾ, ಟೋಗೊ, ಬೆನಿನ್ ದೇಶಗಳಿಂದ ರಾಶಿರಾಶಿಯಾಗಿ ರಫ್ತಾಗುತ್ತಿದ್ದ ಈ ಅಗ್ಗದ ಹಾವಿಗೆ ಬೆಲೆ ಬಂದದ್ದು 1990ರ ದಶಕದಲ್ಲಿ. ಅಮೆರಿಕದ ಸಾಕಣೆದಾರರು ಬಿಳಿ-ಹಳದಿ ಬಣ್ಣದ ಅಲ್ಬಿನೊ ಮರಿಗಳನ್ನು ಪಂಜರದಲ್ಲೇ ಹುಟ್ಟಿಸಿದರು. ಆಮೇಲೆ ಪೈಬಾಲ್ಡ್, ಪಾಸ್ಟೆಲ್, ಬನಾನಾ ಎಂದು ಬಣ್ಣಕ್ಕೊಂದು ಹೆಸರು ಹುಟ್ಟಿತು. ಈ ಬಣ್ಣದ ತಳಿಗಳನ್ನು ಮಾರ್ಫ್ ಎನ್ನುತ್ತಾರೆ. ಹೊಸ ಮಾರ್ಫ್ ಬಂದಾಗ ಸಾವಿರಾರು ಡಾಲರ್. ನಾಲ್ಕಾರು ಜನ ಅದನ್ನೇ ಬೆಳೆಸಿದ ಮೇಲೆ ಬೆಲೆ ಪಾತಾಳಕ್ಕೆ. ಟೊಮೆಟೊ ಬೆಳೆಗಾರನ ಪಾಡೇ ಇದು. ಹಾಗಾಗಿ ದಂಧೆಯಲ್ಲಿ ಉಳಿಯಬೇಕಾದರೆ ಮತ್ತೆ ಹೊಸ ಬಣ್ಣ, ಮತ್ತೆ ಹೊಸ ಗಿರಾಕಿ, ಮತ್ತೆ ಹೊಸ ದೇಶ ಬೇಕು. ಅಲ್ಲಿ ಅಗ್ಗವಾದದ್ದು ಇಲ್ಲಿ ಅಪರೂಪದ ಮಾಲು.

ಬಣ್ಣದ ಹಿಂದೆ ಬಿದ್ದವರು ಹಾವಿನ ಗತಿ ಏನಾಯಿತೆಂದು ಕೇಳಲಿಲ್ಲ. 'ಸ್ಪೈಡರ್' ಎಂಬ ಮಾರ್ಫಿನ ಮೈಮೇಲೆ ಜೇಡರ ಬಲೆಯಂಥ ಸಣ್ಣ ಗೆರೆಗಳು, ನೋಡಲು ಸೊಗಸು. ಆದರೆ ಆ ಬಣ್ಣ ತರುವ ವಂಶವಾಹಿಯ ಜೊತೆಗೇ ನರದೋಷವೂ ಬರುತ್ತದೆ. ಹಾವು ತಲೆಯನ್ನು ನೆಟ್ಟಗೆ ಹಿಡಿಯಲಾರದು. ಕತ್ತು ತಿರುಚಿಕೊಂಡು ಅಲ್ಲಾಡುತ್ತದೆ, ಇಲಿಯ ಮೇಲೆ ಎರಗಿದರೆ ಗುರಿ ತಪ್ಪುತ್ತದೆ. ಇದು ಗೊತ್ತಿದ್ದೂ ವರ್ಷಗಟ್ಟಲೆ ಮಾರಿದರು.

ಇನ್ನು ಆಯಸ್ಸು. ಸರಿಯಾಗಿ ಸಾಕಿದರೆ ಬಾಲ್ ಪೈಥಾನ್ ಇಪ್ಪತ್ತು, ಮೂವತ್ತು ವರ್ಷ ಬದುಕುತ್ತದೆ. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದಲ್ಲಿ 1961ರಿಂದ ಇದ್ದ ಒಂದು ಹೆಣ್ಣು, ಗಂಡಿನ ಸಹವಾಸ ಬಿಟ್ಟು ವರ್ಷಗಳೇ ಆಗಿದ್ದರೂ, 2020ರಲ್ಲಿ ಏಳು ಮೊಟ್ಟೆ ಇಟ್ಟಿತು. ಆಗ ಅದರ ವಯಸ್ಸು ಅರವತ್ತು ದಾಟಿತ್ತು. ಪಿಯುಸಿ ಓದುವ ಹುಡುಗ ಇಂದು ತಂದ ಹಾವು ಅವನ ಮದುವೆಯನ್ನೂ ಅವನ ಮಕ್ಕಳ ಪಿಯುಸಿಯನ್ನೂ ನೋಡಬಹುದು. ಮಾರುವವರು ಈ ಮಾತು ಆಡುವುದಿಲ್ಲ.

ಕಾನೂನು ಏನು ಮಾಡುತ್ತಿದೆ? ನಮ್ಮ ಗದ್ದೆಯ ಕೇರೆಹಾವನ್ನು ಹಿಡಿದು ಡಬ್ಬಿಯಲ್ಲಿಟ್ಟುಕೊಂಡರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ವಿದೇಶಿ ಹಾವಿಗೆ ಬಹುಕಾಲ ಆ ಕಾಯ್ದೆಯೇ ಅನ್ವಯಿಸುತ್ತಿರಲಿಲ್ಲ. ಕಸ್ಟಮ್ಸ್ ಗೇಟು ದಾಟಿಬಿಟ್ಟರೆ ಕೇಳುವವರಿರಲಿಲ್ಲ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಆರು ತಿಂಗಳ ಅವಕಾಶ ಕೊಟ್ಟು, ಇಟ್ಟುಕೊಂಡಿರುವ ವಿದೇಶಿ ಪ್ರಾಣಿಗಳನ್ನು ಘೋಷಿಸಿಕೊಳ್ಳಿ, ದಾಖಲೆ ಕೇಳುವುದಿಲ್ಲ ಎಂದಿತು. 30 ಸಾವಿರಕ್ಕೂ ಹೆಚ್ಚು ಮಂದಿ ಘೋಷಿಸಿಕೊಂಡರು. ಕಳ್ಳಮಾಲು ಒಂದೇ ಏಟಿಗೆ ಕುಟುಂಬದ ಸದಸ್ಯನಾಯಿತು. 2022ರ ತಿದ್ದುಪಡಿ ಸೈಟಿಸ್ ಪಟ್ಟಿಯ ಪ್ರಾಣಿಗಳನ್ನು ಕಾಯ್ದೆಯೊಳಗೆ ತಂದಿತು. 2024ರ ಫೆಬ್ರವರಿಯ ನಿಯಮಗಳು ಕೇಂದ್ರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿಯನ್ನು ಕಡ್ಡಾಯ ಮಾಡಿದವು. ತಡವಾದರೂ ಸರಿಯಾದ ಹೆಜ್ಜೆ. ಆದರೆ ಸಾಕಣೆ ಪರವಾನಗಿ ಬೇಕಾಗುವುದು ಸೈಟಿಸ್‌ನ ಮೊದಲ ಪಟ್ಟಿಯ ಪ್ರಾಣಿಗಳಿಗೆ ಮಾತ್ರ. ಬಾಲ್ ಪೈಥಾನ್, ಇಗುವಾನಾ ಇರುವುದು ಎರಡನೆಯ ಪಟ್ಟಿಯಲ್ಲಿ. ಇವನ್ನು ಮರಿಮಾಡಿಸಿ ಮಾರುವವನು ಜನನ, ವರ್ಗಾವಣೆ ಬರೆಸಿದರೆ ಸಾಕು. ತಾಯಿಹಾವು ಬ್ಯಾಗಿನಲ್ಲಿ ಬಂದದ್ದೋ ಮನೆಯಲ್ಲಿ ಹುಟ್ಟಿದ್ದೋ ಯಾರು ನೋಡಿದರು! ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಅಕ್ವೇರಿಯಂ ಅಂಗಡಿಗಳ ಕೆಂಪುಗಿವಿ ಆಮೆ ಎಚ್ಚರಿಕೆ ಕೊಟ್ಟು ಎಷ್ಟೋ ಕಾಲವಾಯಿತು. ನಾಲ್ಕಿಂಚಿಗಿಂತ ಚಿಕ್ಕ ಆಮೆಗಳ ಮಾರಾಟವನ್ನು ಸಾಲ್ಮೊನೆಲ್ಲಾ ಸೋಂಕಿನ ಕಾರಣಕ್ಕೆ ಅಮೆರಿಕ 1975ರಲ್ಲೇ ನಿಲ್ಲಿಸಿತು. ಯುರೋಪು 1997ರಲ್ಲಿ ಈ ಆಮೆಯ ಆಮದನ್ನೇ ತಡೆಯಿತು. ನಮ್ಮಲ್ಲಿ ನಾಣ್ಯದಷ್ಟಿರುವಾಗ ತಂದು, ಊಟದ ತಟ್ಟೆಯಷ್ಟಾದಾಗ ಕೆರೆಗೋ ಕಲ್ಯಾಣಿಗೋ ಬಿಟ್ಟು ಬರುತ್ತಾರೆ, ಪುಣ್ಯ ಬಂತೆಂಬ ಸಮಾಧಾನ ಬೇರೆ. ಗುವಾಹಟಿಯ ಉಗ್ರತಾರಾ ದೇವಸ್ಥಾನದ ಕೊಳದಲ್ಲೂ ಅದು ಸಿಕ್ಕಿದೆ. ಅಲ್ಲಿನ ದೇಸಿ ಆಮೆಗಳು ಬಿಸಿಲು ಕಾಯುವ ಜಾಗಕ್ಕೂ ಅವುಗಳ ಆಹಾರಕ್ಕೂ ಈಗ ಪಾಲುದಾರ ಬಂದಂತಾಯಿತು.

ಸಾಕುವ ಆಸೆಯನ್ನೇ ನಿಷೇಧಿಸಬೇಕೆಂದಲ್ಲ. ಶ್ರದ್ಧೆಯಿಂದ ಸಾಕುವವರು, ಹಾವಿನ ಭಯವನ್ನು ಮಕ್ಕಳಿಂದ ಬಿಡಿಸಿದವರು ಈ ಹವ್ಯಾಸಿಗಳ ನಡುವೆಯೇ ಇದ್ದಾರೆ. ಆದರೆ ಲೆಕ್ಕ ಕೇಳಬೇಕಾದದ್ದು ಮೊದಲು ಮಾರುವವನನ್ನು. ಎರಡನೆಯ ಪಟ್ಟಿಯ ಸರೀಸೃಪಗಳ ಸಾಕಣೆಗೂ ಪರವಾನಗಿ ಬರಲಿ. ಮರಿಯ ಜೊತೆಗೆ ತಂದೆ-ತಾಯಿಯ ನೋಂದಣಿ ಸಂಖ್ಯೆ ಕೊಡದೆ ಮಾರಾಟವೇ ಆಗದಿರಲಿ. ಸಾಕಲಾಗದವರು ಹಾವನ್ನು ಕೆರೆ ದಂಡೆಗೆ ಒಯ್ಯುವ ಬದಲು ತಂದೊಪ್ಪಿಸಲು ಜಿಲ್ಲೆಗೊಂದು ಜಾಗ ಇರಲಿ, ಅದರ ಖರ್ಚು ನೋಂದಣಿ ಶುಲ್ಕದಿಂದ ಬರಲಿ. ಬನ್ನೇರುಘಟ್ಟದ ಉದ್ಯಾನವೊಂದೇ ಇಡೀ ರಾಜ್ಯದ ಬೇಡವಾದ ಹೆಬ್ಬಾವುಗಳಿಗೆಲ್ಲ ಇಲಿ ಹಾಕುತ್ತ ಕೂರಲಾಗದು.