ಏರಿ ಇಲ್ಲದ ನೀರು

ಮುಂಬೈನಿಂದ ಗೋವಾಕ್ಕೆ ಕ್ರೂಸ್ ಹಡಗು ಹತ್ತಿದ್ದು ಇದು ನಾಲ್ಕನೇ ಸಲ. ಹತ್ತಿದ ಕೂಡ್ಲೇ ಸೇಫ್ಟಿ ಡ್ರಿಲ್, ಆಮೇಲೆ ಬಫೆ, ರಾತ್ರಿ ಶೋ, ದಡ ದೂರಾದ್ಮೇಲೆ ಫೋನ್ ಸಿಗ್ನಲ್ ಮಾಯ. ಎಲ್ಲಾ ಗೊತ್ತಿದ್ದದ್ದೇ. ಈ ಸಲ ಹೊಸದು ಅಂದ್ರೆ ಜೊತೆಗೆ ಅವ್ವ.

ಅವ್ವ ಸೂಳೆಕೆರೆ ಪಕ್ಕದ ಹಳ್ಳಿಯವಳು. ಡೆಕ್ ಮೇಲೆ ನಿಂತು ಸುತ್ತ ನೋಡಿ, "ನಮ್ ಕೆರೆಗೆ ಏರಿ ಐತೆ, ಇದಕ್ಕೆ ಏರಿನೇ ಇಲ್ವಲ್ಲಪ್ಪಾ" ಅಂದಳು. ಆಮೇಲೆ, "ಇಷ್ಟು ಜನಕ್ಕೆ ಸಿಹಿನೀರು ಎಲ್ಲಿಂದ ತರ್ತಾರೆ?"

ಮೂರು ಸಲ ಬಂದರೂ ನನಗೆ ಹೊಳೆಯದ ಪ್ರಶ್ನೆ. ರೂಮು ನೋಡಿಕೊಳ್ಳುವ ಹುಡುಗನನ್ನು ಕೇಳಿದೆ. ಇಂಥ ಹಡಗುಗಳು ಬಂದರಿನಲ್ಲಿ ನೀರು ತುಂಬಿಸಿಕೊಳ್ಳುತ್ತವೆ, ಜೊತೆಗೆ ಸಮುದ್ರದ ನೀರಿನ ಉಪ್ಪು ತೆಗೆದು ಸಿಹಿ ಮಾಡಿಕೊಳ್ಳುತ್ತವೆ, ಅದಕ್ಕೂ ಇಂಧನ ಬೇಕು ಅಂದ. ಮರುದಿನ ನಾನು ಹಲ್ಲುಜ್ಜುವಾಗ ಅವ್ವ ಬಂದು ನಲ್ಲಿ ನಿಲ್ಲಿಸಿದಳು. ಏನೂ ಹೇಳಲಿಲ್ಲ.

ಶಾಂತವ್ವ ಕಟ್ಟಿಸಿದಳು ಅಂತ ಕಥೆ ಇರುವ ನಮ್ಮ ಕೆರೆಯ ನೀರು ಚಿತ್ರದುರ್ಗದವರೂ ಕುಡಿಯುತ್ತಾರೆ. ಮಳೆ, ಹಳ್ಳ, ಭದ್ರಾ ನಾಲೆ ತುಂಬಿಸುವ ನೀರು. ಉಪ್ಪು ತೆಗೆಯುವ ಕೆಲಸವೇ ಇಲ್ಲ. ಅದಕ್ಕೇ ಇರಬೇಕು, ಹೂಳು, ಒತ್ತುವರಿ ಅಂದ್ರೆ ನಾನು ಸ್ಕ್ರೋಲ್ ಮಾಡಿ ಮುಂದೆ ಹೋಗ್ತಿದ್ದೆ. ಮುಂದಿನ ರಜೆಗೆ ಹಡಗಲ್ಲ, ಅವ್ವನ ಜೊತೆ ಕೆರೆ ಏರಿ ಮೇಲೊಂದು ವಾಕ್.