ಎರಡನೇ ಲ್ಯಾಬ್ ಏನಂತು?

ಎರಡು ಮೂರು ತಿಂಗಳಿಗೊಮ್ಮೆ ಫೋನಿಗೆ ಅಂಥದ್ದೊಂದು ಸುದ್ದಿ ಬಂದೇ ಬರುತ್ತೆ. ‘ವಿಜ್ಞಾನಿಗಳ ಮಹಾ ಸಾಧನೆ’, ‘ಇನ್ನು ಜಗತ್ತೇ ಬದಲು’. ಜೊತೆಗೆ ನೀಲಿ ಬೆಳಕು ಚಿಮ್ಮುವ ಒಂದು ಫೋಟೊ. ಮೆಟ್ರೊದಲ್ಲಿ ನಿಂತುಕೊಂಡೇ ಓದ್ತೀವಿ, ಆಫೀಸ್ ಗ್ರೂಪಿಗೆ ತಳ್ತೀವಿ, ನಮ್ಮ ಸ್ಟೇಷನ್ ಬರುವಷ್ಟರಲ್ಲಿ ಮರೆತೂ ಬಿಡ್ತೀವಿ. ಆಮೇಲೆ ಆ ಸಾಧನೆ ಏನಾಯ್ತು? ಬದಲಾಗಬೇಕಿದ್ದ ಜಗತ್ತು ಎಲ್ಲಿಗೆ ಬಂತು? ಅದನ್ನು ಹೇಳೋ ಸುದ್ದಿ ಮಾತ್ರ ನಮ್ಮ ಫೋನಿಗೆ ಬರೋದು ಕಡಿಮೆ. ಈ ಸಲ ಅಂಥ ಒಂದು ಸುದ್ದಿಯ ಬೆನ್ನು ಹತ್ತಿ, ಕೊನೆಯವರೆಗೂ ಹೋಗಿ ಬರೋಣ.

2023ರ ಜುಲೈ ಕೊನೆಯ ವಾರ ನೆನಪು ಮಾಡ್ಕೊಳ್ಳಿ. ಎಲ್‌ಕೆ-99 ಅನ್ನೋ ಹೆಸರು ಎಲ್ಲ ಕಡೆ ಓಡಾಡ್ತಿತ್ತು. ಕಪ್ಪು ಕಲ್ಲಿನ ಚೂರಿನಂಥದ್ದೊಂದು ಆಯಸ್ಕಾಂತದ ಮೇಲೆ ಒಂದು ಅಂಚನ್ನು ಊರಿ, ಇನ್ನೊಂದು ಅಂಚನ್ನು ಗಾಳಿಯಲ್ಲಿ ಎತ್ತಿಕೊಂಡು ನಿಂತಿರೋ ವಿಡಿಯೊ. ದಕ್ಷಿಣ ಕೊರಿಯಾದ ಸೋಲ್‌ನ ಒಂದು ಸಣ್ಣ ತಂಡ ಜುಲೈ 22ರಂದು ಎರಡು ಪ್ರಬಂಧಗಳನ್ನು ಇಂಟರ್‌ನೆಟ್‌ಗೆ ಹಾಕಿತ್ತು. ‘ನಾವು ಮಾಡಿದ ಈ ವಸ್ತು ಸಾಮಾನ್ಯ ತಾಪಮಾನದಲ್ಲೇ ಸೂಪರ್‌ಕಂಡಕ್ಟರ್’ ಅನ್ನೋದು ಅವರ ಹೇಳಿಕೆ. ಸಾಮಾನ್ಯ ತಾಪಮಾನ ಬಿಡಿ, ನೀರು ಕುದಿಯೋದಕ್ಕಿಂತ ಹೆಚ್ಚು, 127 ಡಿಗ್ರಿ ಸೆಲ್ಸಿಯಸ್‌ವರೆಗೂ ಆಗುತ್ತೆ ಅಂದರು.

ಅದಕ್ಕೆ ಯಾಕೆ ಅಷ್ಟು ಗದ್ದಲ ಅಂತೀರಾ? ಯಾವ ತಂತಿಯಲ್ಲಿ ಕರೆಂಟ್ ಹರಿದರೂ ಒಂದಿಷ್ಟು ತಡೆ ಇದ್ದೇ ಇರುತ್ತೆ, ಆ ತಡೆ ಶಾಖವಾಗಿ ಪೋಲಾಗುತ್ತೆ. ನಿಮ್ಮ ಲ್ಯಾಪ್‌ಟಾಪ್ ತೊಡೆ ಸುಡೋದಕ್ಕೂ ಅದೇ ಕಾರಣ. ಸೂಪರ್‌ಕಂಡಕ್ಟರ್‌ನಲ್ಲಿ, ಕನ್ನಡದಲ್ಲಿ ಅತಿವಾಹಕ ಅಂತೀವಲ್ಲ ಅದರಲ್ಲಿ, ಆ ತಡೆ ಪೂರ್ತಿ ಸೊನ್ನೆ. ಇದು ಹೊಸ ಶೋಧ ಅಲ್ಲ. 1911ರಲ್ಲೇ ನೆದರ್‌ಲೆಂಡ್ಸ್‌ನ ಕಾಮರ್ಲಿಂಗ್ ಓನ್ನಸ್ ಪಾದರಸದಲ್ಲಿ ಇದನ್ನು ಕಂಡಿದ್ದರು. ಆದರೆ ಅದಕ್ಕೆ ಪಾದರಸವನ್ನು ಸುಮಾರು ಮೈನಸ್ 269 ಡಿಗ್ರಿಗೆ ತಣ್ಣಗಾಗಿಸಬೇಕಿತ್ತು. ತೊಡಕು ಇರೋದೇ ಅಲ್ಲಿ.

ಇದು ನಮಗೆ ದೂರದ ವಿಷಯವೂ ಅಲ್ಲ. ಮನೆಯಲ್ಲಿ ಯಾರಿಗಾದರೂ ಎಂಆರ್‌ಐ ಮಾಡಿಸಿದ್ದರೆ ಬಿಲ್ ನೆನಪಿರುತ್ತೆ. ಆ ದೊಡ್ಡ ಡಬ್ಬಿಯೊಳಗೆ ಇರೋದು ಸೂಪರ್‌ಕಂಡಕ್ಟರ್ ತಂತಿಯ ಸುರುಳಿ, ಅದನ್ನು ದ್ರವ ಹೀಲಿಯಂನಿಂದ ಅದೇ ಮೈನಸ್ 269 ಡಿಗ್ರಿಯಲ್ಲಿ ಇಟ್ಟಿರ್ತಾರೆ. ಹೀಲಿಯಂ ಅಗ್ಗದ ವಸ್ತುವಲ್ಲ, ನಮ್ಮ ದೇಶಕ್ಕೆ ಅದು ಹೊರಗಿನಿಂದಲೇ ಬರಬೇಕು. ತಣ್ಣಗಾಗಿಸೋ ಈ ರಗಳೆಯೇ ಇಲ್ಲದ ಸೂಪರ್‌ಕಂಡಕ್ಟರ್ ನಿಜಕ್ಕೂ ಸಿಕ್ಕರೆ, ತಾಲೂಕು ಆಸ್ಪತ್ರೆಯಲ್ಲೂ ಎಂಆರ್‌ಐ ಇಡಬಹುದು ಅನ್ನೋ ಆಸೆ ಹುಚ್ಚಾಸೆ ಏನಲ್ಲ. ಹಾಗಾಗಿ ಆ ವಾರ ಜನ ಹುಚ್ಚೆದ್ದು ಷೇರ್ ಮಾಡಿದ್ದನ್ನು ನಾನು ತಮಾಷೆ ಮಾಡಲ್ಲ.

ಈಗ ಮುಂದಿನ ಮೂರು ವಾರಕ್ಕೆ ಬನ್ನಿ. ಕೊರಿಯಾದವರ ರೆಸಿಪಿಯಲ್ಲಿ ದುಬಾರಿ ಸಾಮಾನು ಏನೂ ಇರಲಿಲ್ಲ. ಸೀಸ, ತಾಮ್ರ, ರಂಜಕ, ಗಂಧಕ, ಮತ್ತೆ 925 ಡಿಗ್ರಿ ಕಾಯುವ ಒಂದು ಕುಲುಮೆ. ಹೀಗಾಗಿ ದೊಡ್ಡ ಲ್ಯಾಬ್‌ನವರಿಂದ ಹಿಡಿದು ಹವ್ಯಾಸಿಗಳವರೆಗೆ ಎಲ್ಲರೂ ಮಾಡಿ ನೋಡೋಕೆ ಕೂತರು. ಮೊದಮೊದಲು ಉತ್ತರ ಕೊಟ್ಟವರಲ್ಲಿ ನಮ್ಮವರೂ ಇದ್ದರು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ತಂಡ ಜುಲೈ ಮುಗಿಯೋದರೊಳಗೇ ಅದೇ ವಸ್ತುವನ್ನು ತಯಾರಿಸಿ, ಅಳೆದು, ‘ನಮಗೆ ಸೂಪರ್‌ಕಂಡಕ್ಟಿವಿಟಿ ಕಾಣಲಿಲ್ಲ’ ಅಂತ ಬರೆದು ಹಾಕಿತು. ಈ ಸುದ್ದಿ ನಿಮ್ಮ ಗ್ರೂಪಿಗೆ ಬಂದಿತ್ತಾ? ನನ್ನ ಗ್ರೂಪಿಗಂತೂ ಬರಲಿಲ್ಲ.

ಆದರೆ ‘ಬರಲಿಲ್ಲ’ ಅಂದಷ್ಟಕ್ಕೆ ಮುಗಿಯಲ್ಲ. ನೀವು ಮಾಡಿದ ಒಬ್ಬಟ್ಟು ಹರಿದುಹೋಯ್ತು ಅಂದಾಕ್ಷಣ ಅಜ್ಜಿಯ ರೆಸಿಪಿಯೇ ಸುಳ್ಳು ಅನ್ನೋಕಾಗುತ್ತಾ? ಕೊರಿಯಾದವರು ಕಂಡಿದ್ದು ಏನು ಅನ್ನೋದನ್ನೂ ಯಾರಾದರೂ ಬಿಡಿಸಿ ಹೇಳಬೇಕಿತ್ತು. ಅವರ ಕೈಯಲ್ಲಿ ಎರಡು ಸಾಕ್ಷಿ ಇತ್ತು. ಒಂದು, ಆ ಅರ್ಧ ಎದ್ದು ನಿಂತ ಚೂರು. ಇನ್ನೊಂದು, 104 ಡಿಗ್ರಿಯ ಹತ್ತಿರ ವಿದ್ಯುತ್ ತಡೆ ಧಡಕ್ಕನೆ ಇಳಿದ ಗ್ರಾಫ್.

ಈ 104 ಅನ್ನೋ ಅಂಕಿ ನೋಡಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ರಸಾಯನ ವಿಜ್ಞಾನಿ ಪ್ರಶಾಂತ್ ಜೈನ್ ಅವರಿಗೆ ತಕ್ಷಣ ಏನೋ ಹೊಳೀತು. ತಾಮ್ರದ ಸಲ್ಫೈಡ್ ಅನ್ನೋ ಸಾಮಾನ್ಯ ವಸ್ತು ಸರಿಯಾಗಿ ಅದೇ ತಾಪಮಾನದಲ್ಲಿ ತನ್ನ ಒಳರಚನೆ ಬದಲಿಸುತ್ತೆ, ಆಗ ಅದರ ತಡೆ ಧಡಕ್ಕನೆ ಇಳಿಯುತ್ತೆ. ಕೊರಿಯಾದವರ ಕುಲುಮೆಯಲ್ಲಿ ತಾಮ್ರವೂ ಇತ್ತು, ಗಂಧಕವೂ ಇತ್ತು. ಅಂದರೆ ಎಲ್‌ಕೆ-99 ಜೊತೆ ತಾಮ್ರದ ಸಲ್ಫೈಡ್ ಕೂಡ ಕಲಬೆರಕೆಯಾಗಿ ಹುಟ್ಟಿಕೊಂಡಿತ್ತು, ಆಟ ಆಡಿದ್ದು ಅದು. ಬೀಜಿಂಗ್‌ನ ಒಂದು ತಂಡ ಇದನ್ನೇ ಅಳತೆ ಮಾಡಿ ತೋರಿಸಿತು. ಇನ್ನು ಆ ನಿಂತ ಚೂರಿನ ಕಥೆ? ಅದೂ ಮಾಮೂಲಿ ಕಾಂತಗುಣದಿಂದ ಆಗುವಂಥದ್ದು ಅಂತ ಚೀನಾದ ಇನ್ನೊಂದು ತಂಡ ತೋರಿಸಿಕೊಟ್ಟಿತು.

ಕೊನೆಯ ಮೊಳೆ ಹೊಡೆದಿದ್ದು ಜರ್ಮನಿಯ ಸ್ಟುಟ್‌ಗಾರ್ಟ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು. ಗಂಧಕದ ಕಲಬೆರಕೆ ಆಗದ ಹಾಗೆ ಬೇರೆ ದಾರಿಯಲ್ಲಿ ಎಲ್‌ಕೆ-99ನ ಶುದ್ಧ ಹರಳುಗಳನ್ನು ಬೆಳೆಸಿದರು. ಏನು ಬಂತು ಅಂದುಕೊಂಡಿರಿ? ಚೆಂದದ ನೇರಳೆ ಬಣ್ಣದ, ಬೆಳಕು ಹಾಯುವ ಹರಳು. ಅದರಲ್ಲಿ ಕರೆಂಟ್ ತಡೆಯಿಲ್ಲದೆ ಹರಿಯೋದು ಹಾಗಿರಲಿ, ಹರಿಯೋದೇ ಕಷ್ಟ. ಅದು ಸೂಪರ್‌ಕಂಡಕ್ಟರ್ ಅಲ್ಲ, ಇನ್ಸುಲೇಟರ್! ಆಗಸ್ಟ್ ಮಧ್ಯಕ್ಕೆ ಕಥೆ ಮುಗೀತು. ಈ ಮಧ್ಯೆ ಕೊರಿಯಾದ ಷೇರುಪೇಟೆಯಲ್ಲಿ ಸೂಪರ್‌ಕಂಡಕ್ಟರ್ ಹೆಸರು ಹೇಳುವ ಕಂಪನಿಗಳ ಷೇರು ಗಗನಕ್ಕೇರಿ, ಕೆಳಗೆ ಬಿದ್ದೂ ಆಗಿತ್ತು.

‘ಅಷ್ಟೂ ದಿನ ಎಲ್ಲರ ಟೈಮ್ ವೇಸ್ಟ್’ ಅಂದರು ಹಲವರು. ನನಗೆ ಹಾಗನ್ನಿಸಲ್ಲ. ವಿಜ್ಞಾನ ಕೆಲಸ ಮಾಡೋದನ್ನು ಇಷ್ಟು ಬೇಗ, ಇಷ್ಟು ಬಯಲಿನಲ್ಲಿ ನೋಡೋ ಅವಕಾಶ ನಮಗೆ ಸಿಗೋದು ಅಪರೂಪ. ಒಬ್ಬರು ಹೇಳಿದರು, ನಾಲ್ಕು ಕಡೆಯವರು ಮಾಡಿ ನೋಡಿದರು, ಇಲ್ಲ ಅಂದರು, ಯಾಕೆ ಇಲ್ಲ ಅಂತಲೂ ಹೇಳಿದರು. ಇದೆಲ್ಲ ಮೂರೇ ವಾರದಲ್ಲಿ.

ಇದಕ್ಕೂ ಐದು ವರ್ಷ ಮೊದಲು ಇಂಥದ್ದೇ ಒಂದು ಸಂಗತಿ ನಮ್ಮ ಬೆಂಗಳೂರಿನಲ್ಲೇ ನಡೆದಿತ್ತು. 2018ರ ಜುಲೈನಲ್ಲಿ ಐಐಎಸ್‌ಸಿಯ ಇಬ್ಬರು ಸಂಶೋಧಕರು, ಚಿನ್ನದೊಳಗೆ ಬೆಳ್ಳಿಯ ಅತಿ ಸೂಕ್ಷ್ಮ ಕಣಗಳನ್ನು ಕೂರಿಸಿದ ವಸ್ತು ಮೈನಸ್ 37 ಡಿಗ್ರಿಯಲ್ಲೇ ಸೂಪರ್‌ಕಂಡಕ್ಟರ್ ಆಗುತ್ತೆ ಅಂತ ಪ್ರಬಂಧ ಹಾಕಿದರು. ಆಗಲೂ ಸಂಭ್ರಮ. ಟಾಟಾ ಇನ್‌ಸ್ಟಿಟ್ಯೂಟ್ ಅಂತ ಹಿರಿಯರು ಈಗಲೂ ಕರೆಯೋ ನಮ್ಮ ಹೆಮ್ಮೆಯ ಸಂಸ್ಥೆ, ನಮ್ಮದೇ ಊರು. ಹೆಮ್ಮೆ ಆಗದೇ ಇರುತ್ತಾ?

ಕೆಲವೇ ದಿನಕ್ಕೆ ಅಮೆರಿಕದ ಎಂಐಟಿಯಲ್ಲಿದ್ದ ಬ್ರಯಾನ್ ಸ್ಕಿನ್ನರ್ ಅನ್ನೋ ಯುವ ಭೌತವಿಜ್ಞಾನಿ ಆ ಪ್ರಬಂಧದ ಒಂದು ಗ್ರಾಫನ್ನು ದೊಡ್ಡದು ಮಾಡಿ ನೋಡಿದರು. ಅದರಲ್ಲಿ ಬೇರೆ ಬೇರೆ ಕಾಂತಕ್ಷೇತ್ರದಲ್ಲಿ ತೆಗೆದ ಅಳತೆಗಳ ಗೆರೆಗಳಿದ್ದವು. ಯಾವ ಅಳತೆಯಲ್ಲೂ ಒಂದಿಷ್ಟು ಗೊಂದಲದ ಏರಿಳಿತ, ಅಂದರೆ ನಾಯ್ಸ್, ಇರುತ್ತೆ. ಅದು ಮಳೆ ಹನಿ ಇದ್ದ ಹಾಗೆ, ಎಲ್ಲಿ ಬೀಳುತ್ತೆ ಅಂತ ಹೇಳೋಕಾಗಲ್ಲ. ಆದರೆ ಇಲ್ಲಿ ಎರಡು ಬೇರೆ ಅಳತೆಗಳ ಏರಿಳಿತ ಚುಕ್ಕೆಗೆ ಚುಕ್ಕೆ ಹೊಂದಿಕೊಳ್ತಿತ್ತು. ಇವತ್ತಿನ ಮಳೆ ಹನಿಗಳು ಅಂಗಳದಲ್ಲಿ ಬಿದ್ದ ಜಾಗಕ್ಕೇ ನಾಳಿನ ಮಳೆಯ ಹನಿಗಳೂ ಒಂದೂ ತಪ್ಪದೆ ಬಿದ್ದರೆ ಆಶ್ಚರ್ಯ ಆಗಲ್ವಾ, ಹಾಗೆ. ಅವರು ಒಂದು ಪುಟ್ಟ ಟಿಪ್ಪಣಿ ಬರೆದು, ಇದು ಹೇಗೆ ಅಂತ ಕೇಳಿದರು. ಮೋಸ ಅನ್ನಲಿಲ್ಲ, ಕೇಳಿದರು ಅಷ್ಟೇ.

ಐಐಎಸ್‌ಸಿಯವರು ತಮ್ಮ ಮಾತಿಗೆ ಅಂಟಿಕೊಂಡರು. 2019ರ ಮೇ ತಿಂಗಳಲ್ಲಿ ಹೆಚ್ಚಿನ ಮಾಹಿತಿ, ಹೆಚ್ಚಿನ ಸಹಲೇಖಕರೊಂದಿಗೆ ಪ್ರಬಂಧವನ್ನು ಪರಿಷ್ಕರಿಸಿಯೂ ಹಾಕಿದರು. ಆದರೆ ಹೊರಗಿನ ಲ್ಯಾಬ್‌ಗಳ ‘ಹೌದು’ ಅದಕ್ಕೆ ಸಿಗದೆ, ಅದು ಎಲ್ಲರೂ ಒಪ್ಪಿದ ಶೋಧಗಳ ಸಾಲಿಗೆ ಸೇರಲಿಲ್ಲ. ನಮ್ಮ ಊರಿನವರು ಅನ್ನೋ ಕಾರಣಕ್ಕೆ ಈ ಪ್ರಶ್ನೆಯನ್ನು ಅವಮಾನ ಅಂದುಕೊಂಡವರೂ ಇದ್ದರು. ನನ್ನ ಪ್ರಕಾರ ಒಂದು ಪ್ರಬಂಧಕ್ಕೆ ಸಿಗಬಹುದಾದ ದೊಡ್ಡ ಗೌರವ ಅಂದರೆ ಯಾರಾದರೂ ಅದರ ಗ್ರಾಫನ್ನು ಅಷ್ಟು ಹತ್ತಿರದಿಂದ ನೋಡೋದು. ಹೆಮ್ಮೆ ಇರಲಿ, ಆದರೆ ಅಳತೆಪಟ್ಟಿಯ ಜಾಗದಲ್ಲಿ ಅದನ್ನು ಇಡೋಕಾಗಲ್ಲ.

‘ಇವೆಲ್ಲ ಇಂಟರ್‌ನೆಟ್‌ಗೆ ಹಾಕಿದ ಕಚ್ಚಾ ಪ್ರಬಂಧ, ದೊಡ್ಡ ಪತ್ರಿಕೆಯಲ್ಲಿ ಬಂದಿದ್ದರೆ ನಂಬಬಹುದಲ್ವಾ?’ ಅಂತ ನೀವು ಕೇಳಬಹುದು. ಅದಕ್ಕೂ ಉತ್ತರ ಅದೇ 2023ರಲ್ಲಿದೆ. ಆ ವರ್ಷದ ಮಾರ್ಚ್‌ನಲ್ಲಿ ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ರಂಗ ಡಯಸ್ ಅವರ ತಂಡ ಇಂಥದ್ದೇ ಶೋಧ ಪ್ರಕಟಿಸಿತು. ಪ್ರಕಟವಾಗಿದ್ದು ‘ನೇಚರ್’ನಲ್ಲಿ, ತಜ್ಞರ ಪರಿಶೀಲನೆ ದಾಟಿಕೊಂಡು. ನವೆಂಬರ್‌ನಲ್ಲಿ ಅದೇ ‘ನೇಚರ್’ ಆ ಪ್ರಬಂಧವನ್ನು ವಾಪಸ್ ತೆಗೀತು. ಲೆಕ್ಕ ಹಾಕಿ. ಯಾರ ಪರಿಶೀಲನೆಯೂ ಆಗದ ಎಲ್‌ಕೆ-99ಗೆ ಮೂರು ವಾರದಲ್ಲಿ ಉತ್ತರ ಸಿಕ್ಕಿತು. ದೊಡ್ಡ ಪತ್ರಿಕೆಯ ಮುದ್ರೆ ಬಿದ್ದಿದ್ದಕ್ಕೆ ಎಂಟು ತಿಂಗಳು ಬೇಕಾಯ್ತು. ಮುದ್ರೆ ಒಂದು ಮೆಟ್ಟಿಲು ಅಷ್ಟೇ, ಮನೆ ಇನ್ನೂ ಮೇಲಿದೆ.

ಸರಿ, ಸೂಪರ್‌ಕಂಡಕ್ಟರ್ ವಿಷಯದಲ್ಲಿ ಒಂದು ಸುದ್ದಿ ಸುಳ್ಳಾದರೆ ನಮಗೇನು ನಷ್ಟ, ನಾಲ್ಕು ದಿನ ಖುಷಿಪಟ್ಟೆವು ಅನ್ನಬಹುದು. ಎಲ್ಲ ಸುದ್ದಿಗೂ ಹಾಗನ್ನೋಕಾಗಲ್ಲ. ನನ್ನ ಜೊತೆ ಕೆಲಸ ಮಾಡುವ ಹುಡುಗಿಯೊಬ್ಬಳ ತಾಯಿಗೆ ಕಿಡ್ನಿ ತೊಂದರೆ, ವಾರಕ್ಕೆ ಎರಡು ಡಯಾಲಿಸಿಸ್. ‘ಕಿಡ್ನಿ ಸಮಸ್ಯೆಗೆ ಕೊನೆಗೂ ಸಿಕ್ತು ಪರಿಹಾರ’ ಅನ್ನೋ ಫಾರ್ವರ್ಡ್ ಅವರ ಫ್ಯಾಮಿಲಿ ಗ್ರೂಪಿಗೆ ತಿಂಗಳಿಗೆ ಒಂದಾದರೂ ಬರುತ್ತೆ. ಕಳಿಸುವವರೆಲ್ಲ ಒಳ್ಳೆಯವರೇ, ಪ್ರೀತಿಯಿಂದಲೇ ಕಳಿಸ್ತಾರೆ. ಅಮ್ಮ ಓದಿ, ‘ಇದು ನಮ್ಮ ಆಸ್ಪತ್ರೆಗೆ ಯಾವಾಗ ಬರುತ್ತಂತೆ?’ ಅಂತ ಕೇಳ್ತಾರೆ. ಇವಳು ಲಿಂಕ್ ಒತ್ತಿ ಕೆಳಗೆ ಕೆಳಗೆ ಹೋದರೆ ಕೊನೇ ಸಾಲಿನಲ್ಲಿರುತ್ತೆ, ಪ್ರಯೋಗ ನಡೆದಿದ್ದು ಇಲಿಗಳ ಮೇಲೆ. ಬರೆದವರು ಮರೆತು ಹೋಗ್ತಾರೆ, ಕಳಿಸಿದವರೂ ಮರೀತಾರೆ. ‘ಇಲ್ಲಮ್ಮ, ಇನ್ನೂ ಇಲ್ಲ’ ಅಂತ ಪ್ರತಿ ಸಲ ಅಮ್ಮನ ಮುಖ ನೋಡಿ ಹೇಳೋ ಕೆಲಸ ಮಾತ್ರ ಇವಳದ್ದು.

ಹಾಗಾಗಿ ಫಾರ್ವರ್ಡ್ ಒತ್ತೋ ಮೊದಲು ಮೂರು ಸಂಗತಿ ನೋಡ್ಕೊಳ್ಳಿ ಅಂತ ನಾನು ಹೇಳೋದು. ಡಿಗ್ರಿ ಏನೂ ಬೇಕಾಗಿಲ್ಲ.

ಮೊದಲನೆಯದು, ಇದನ್ನು ಬೇರೆ ಯಾರಾದರೂ ಮಾಡಿ ನೋಡಿದ್ದಾರಾ? ಎರಡನೇ ಲ್ಯಾಬ್ ಏನಂತು? ಸುದ್ದಿಯಲ್ಲಿ ಆ ತಂಡಕ್ಕೆ ಸೇರದ ಒಬ್ಬ ತಜ್ಞರ ಮಾತೂ ಇಲ್ಲ ಅಂದರೆ, ಅದು ಇನ್ನೂ ಹುಡುಗನ ಕಡೆಯವರು ಮಾತ್ರ ಹೊಗಳಿರೋ ಸಂಬಂಧ.

ಎರಡನೆಯದು, ಯಾವುದರ ಮೇಲೆ ಪ್ರಯೋಗ ಆಗಿದೆ? ಗಾಜಿನ ತಟ್ಟೆಯಲ್ಲಿರೋ ಜೀವಕೋಶವಾ, ಇಲಿಯಾ, ಮನುಷ್ಯರಾ? ಮನುಷ್ಯರಾದರೆ ಎಷ್ಟು ಜನ?

ಮೂರನೆಯದು, ನಿಜವೇ ಆಗಿದ್ದರೂ ಅಲ್ಲಿಂದ ನಮ್ಮ ಮನೆಗೆ ಎಷ್ಟು ದೂರ? 1987ರಲ್ಲಿ ಮೈನಸ್ 180 ಡಿಗ್ರಿಯಲ್ಲೇ ಕೆಲಸ ಮಾಡುವ ಸೂಪರ್‌ಕಂಡಕ್ಟರ್ ನಿಜವಾಗಿಯೇ ಸಿಕ್ಕಿತು. ಅದನ್ನು ತಣ್ಣಗಾಗಿಸೋಕೆ ಅಗ್ಗದ ದ್ರವ ಸಾರಜನಕ ಸಾಕು. ಎರಡನೇ ಲ್ಯಾಬ್, ಮೂರನೇ ಲ್ಯಾಬ್ ಎಲ್ಲ ‘ಹೌದು’ ಅಂದವು. ಆದರೂ ಆಸ್ಪತ್ರೆಗಳ ಎಂಆರ್‌ಐ ಯಂತ್ರಗಳು ಇವತ್ತಿಗೂ ಹೀಲಿಯಂ ಬಿಟ್ಟಿಲ್ಲ. ಯಾಕಂದರೆ ಆ ಹೊಸ ವಸ್ತು ಪಿಂಗಾಣಿ ಥರ, ಬಗ್ಗಿಸಿದರೆ ಮುರಿಯುತ್ತೆ. ಅದರಿಂದ ಕಿಲೋಮೀಟರ್‌ಗಟ್ಟಲೆ ತಂತಿ ಮಾಡೋದು ತಾಮ್ರದ ತಂತಿ ಎಳೆದಷ್ಟು ಸಲೀಸಲ್ಲ, ಅಗ್ಗವೂ ಅಲ್ಲ. ನಿಜವಾದ ಶೋಧವೂ ಇಷ್ಟು ನಿಧಾನ.

ಇಷ್ಟೆಲ್ಲ ಹೇಳಿದೆ ಅಂತ ಯಾವುದನ್ನೂ ನಂಬಬೇಡಿ ಅಂದುಕೊಳ್ಳಬೇಡಿ. ‘ಎಲ್ಲಾ ಬುರುಡೆ ಬಿಡಿ’ ಅನ್ನೋದು ‘ಎಲ್ಲಾ ನಿಜ’ ಅನ್ನೋದರಷ್ಟೇ ಸೋಮಾರಿತನ. ಕಾಯೋದು ಮಾತ್ರ ಸ್ವಲ್ಪ ಕಷ್ಟ, ಆದರೆ ದುಡ್ಡು ಖರ್ಚಿಲ್ಲ. ಆ ದೆಹಲಿಯ ತಂಡವನ್ನೇ ನೋಡಿ. ‘ಬರಲಿಲ್ಲ’ ಅಂತ ಬರೆದು ಹಾಕಿದ್ದಕ್ಕೆ ಅವರಿಗೆ ಯಾರೂ ಹಾರ ಹಾಕಲಿಲ್ಲ. ಆದರೆ ಅಂಥವರು ಮಾಡಿ ನೋಡ್ತಾರೆ ಅನ್ನೋ ಧೈರ್ಯದಿಂದಲೇ ನಾವು ಒಂದು ದಿನ ‘ಹೌದು’ ಅನ್ನೋದನ್ನು ನಂಬೋಕೆ ಆಗೋದು.

ನಿಮ್ಮ ಗ್ರೂಪಿನಲ್ಲಿ ಈ ವಾರ ಯಾವ ‘ಮಹಾ ಸಾಧನೆ’ ಓಡಾಡ್ತಿದೆ? ನನಗೆ ಬರೆದು ಕಳಿಸಿ. ಎರಡನೇ ಲ್ಯಾಬ್ ಏನಂತು ಅಂತ ಒಟ್ಟಿಗೆ ಹುಡುಕೋಣ.